ಎಸ್ಟಿಮೇಟಿನ ಹೊರಗಿನ ಹೋಟೆಲು

ನನ್ನ ಜೊತೆ ಮದುವೆಗೆ ಬರುವುದೆಂದರೆ ನನ್ನ ಹೆಂಡತಿ ಸುಮಿತ್ರಾಗೆ ತಲೆನೋವು. ಮೊನ್ನೆ ಕೋಪರಖೈರಣೆಯ ಛತ್ರವೊಂದರಲ್ಲಿ ಪರಿಚಯದವರ ಮಗಳ ಮದುವೆಯಿತ್ತು. ಬಾಗಿಲಿನಿಂದ ಮಂಟಪದವರೆಗೆ ಕೆಂಪು ಜಮಖಾನೆ ಹಾಸಿದ್ದರು. ಎಲ್ಲರೂ ಅದರ ಮೇಲೆ ನೆಟ್ಟಗೆ ನಡೆದುಹೋಗಿ ವಧೂವರರಿಗೆ ಅಕ್ಷತೆ ಹಾಕಿ ಬಂದರೆ, ನಾನು ಮಾತ್ರ ಒಂದೇ ಅಳತೆಯ ಹೆಜ್ಜೆ ಇಡುತ್ತ, ಮೀಟರಿಗೆ ಎಷ್ಟು ಬಿದ್ದಿರಬಹುದು, ಆ ತಿರುವಿನಲ್ಲಿ ಎಷ್ಟು ದಂಡವಾಗಿದೆ ಎಂದು ಮನಸ್ಸಿನಲ್ಲೇ ಕೂಡಿಸುತ್ತ ಹೋದೆ. ತುಟಿ ಅಲುಗಾಡಿರಬೇಕು. ಮಗಳು ಪಕ್ಕದಿಂದ, "ಬಾಬಾ, ಪ್ಲೀಸ್, ಯಹಾಂ ಮತ್ ನಾಪೋ," ಎಂದಳು, ಇಲ್ಲಿಯಾದರೂ ಅಳೆಯಬೇಡಿ ಎಂದು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಮಾತಾಡಿಸಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುತ್ತಾಳೆ. ಬೈದರೆ ಮಾತ್ರ ಕನ್ನಡ ಪೂರ್ತಿ ತಿಳಿಯುತ್ತದೆ.

ಏನು ಮಾಡಲಿ, ಕೆಲಸ ನನ್ನನ್ನು ಬಿಟ್ಟಿದೆ, ಚಟ ಬಿಟ್ಟಿಲ್ಲ. ನಾನು ಎಸ್ಟಿಮೇಟರ್ ಆಗಿದ್ದವನು. ಅಂದರೆ ಇನ್ನೂ ಹುಟ್ಟದ ರಸ್ತೆಗೆ, ಇನ್ನೂ ಬಾರದ ರೈಲು ಹಳಿಗೆ ಇಷ್ಟು ಖರ್ಚಾದೀತು ಎಂದು ಮುಂಚಿತವಾಗಿ ಹೇಳುವವನು. ಜಾತಕ ಬರೆಯುವವರಿಗಾದರೂ ಕೂಸು ಕಣ್ಣೆದುರು ಇರುತ್ತದೆ. ನನಗೆ ಅದೂ ಇರಲಿಲ್ಲ. ನಾನು ಲೆಕ್ಕ ಹಾಕಿದ ಬಹುಪಾಲು ಹಳಿಗಳು ಕಾಗದದಿಂದ ಕೆಳಗಿಳಿಯಲೇ ಇಲ್ಲ. ಇಳಿದ ರಸ್ತೆಗಳು ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಆದರೂ ತಿಂಗಳಿಗೊಮ್ಮೆ ಸಂಬಳ ಬರುತ್ತಿತ್ತು, ಹಾಗಾಗಿ ಯಾರೂ ನನ್ನನ್ನು ಹೆಚ್ಚು ಪ್ರಶ್ನಿಸಲಿಲ್ಲ.

ಆಫೀಸು ಸಾನಪಾಡಾದಲ್ಲಿ. ಡೊಂಬಿವಲಿಯಿಂದ ಠಾಣೆಯವರೆಗೆ ಒಂದು ಗಾಡಿ, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿ. ಠಾಣೆಯಿಂದ ನವಿ ಮುಂಬಯಿ ಕಡೆಗೆ ಲೋಕಲ್ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಅದು ಬಂದಾಗ ಇನ್ನು ಕೂತು ಹೋಗಬಹುದು ಎಂದು ನಾವೆಲ್ಲ ಹಿಗ್ಗಿದ್ದೆವು. ನಾವು ಹಿಗ್ಗಿದ ಹಾಗೆಯೇ ಉಳಿದವರೂ ಹಿಗ್ಗಿದ್ದರೆಂದು ಎರಡನೆಯ ವಾರ ತಿಳಿಯಿತು. ಹೀಗೆ ಹಗಲೆಲ್ಲ ರೈಲಿನ ಖರ್ಚು ಬರೆದು ಬೆಳಿಗ್ಗೆ ಸಂಜೆ ರೈಲಿನಲ್ಲಿ ನಿಂತೇ ನನ್ನ ಮೊಣಕಾಲು ಸವೆದವು. ಬೋಗಿಯಲ್ಲಿ ಇಷ್ಟು ಜನ ಎಂದು ನಾವು ಬರೆಯುವ ಸಂಖ್ಯೆಗೂ ನನ್ನ ಬೆನ್ನಿಗೆ ಒತ್ತಿಕೊಂಡವರ ಸಂಖ್ಯೆಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ.

ರೈಲು, ರಸ್ತೆ ಎರಡೂ ನನಗೆ ಚಿಕ್ಕಂದಿನಿಂದಲೇ ಅಂಟಿಕೊಂಡವು. ಗದಗಿನಲ್ಲಿ ನಮ್ಮ ಮನೆಯ ಹಿಂದೆಯೇ ಹಳಿ. ಗ್ಯಾಂಗಿನವರು ಸಾಲಾಗಿ ನಿಂತು, ಹಾರೆಗಳನ್ನು ಹಳಿಯ ಕೆಳಗೆ ಕೊಟ್ಟು, ಒಬ್ಬ ರಾಗವಾಗಿ ಕೂಗಿದರೆ ಉಳಿದವರು ಹೋ ಎಂದು ಒಮ್ಮೆಲೆ ಜಗ್ಗುತ್ತಿದ್ದರು. ಅಷ್ಟು ಉದ್ದದ ಹಳಿ ಕೂದಲೆಳೆಯಷ್ಟು ಸರಿಯುತ್ತಿತ್ತು. ನಾನೂ ನನ್ನ ತಮ್ಮನೂ ಇದನ್ನು ಕಲಿತು ಬಂದು, ಮಧ್ಯಾಹ್ನ ಮಲಗಿದ್ದ ಅಜ್ಜಿಯ ಮಂಚದ ಕೆಳಗೆ ಬಡಿಗೆ ಕೊಟ್ಟು ಹೋ ಎಂದು ಜಗ್ಗಿದೆವು. ಮಂಚ ಸರಿಯಲಿಲ್ಲ, ಅಜ್ಜಿ ಎದ್ದಳು. ಮುಂದಿನದನ್ನು ಬರೆಯುವ ಅಗತ್ಯವಿಲ್ಲ. ರಸ್ತೆಯ ಕಡೆಯದು ಇನ್ನೊಂದು ಕಥೆ. ಮನೆಯ ಮುಂದೆ ಡಾಂಬರು ಹಾಕುವಾಗ ಬಿಸಿ ಆರಿದ ಚೂರುಗಳನ್ನು ಉಂಡೆ ಕಟ್ಟಿ ಆಡುತ್ತಿದ್ದೆವು. ಅದರಲ್ಲೊಂದು ತಮ್ಮನ ತಲೆಗೆ ಹತ್ತಿ, ಸೀಮೆಎಣ್ಣೆಗೂ ಬಗ್ಗದೆ, ಕೊನೆಗೆ ಅವನ ತಲೆ ಬೋಳಿಸಬೇಕಾಯಿತು. ಅಪ್ಪ ಹಜಾಮನಿಗೆ ಕೊಟ್ಟ ದುಡ್ಡನ್ನು ಬಹಳ ದಿನ ಎತ್ತಾಡುತ್ತಿದ್ದರು. ರಸ್ತೆ ಮಾಡಿದವನೊಬ್ಬ, ಅದರ ಖರ್ಚು ಹೊರುವವನೊಬ್ಬ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಏಕೆಂದರೆ ಮುಂದೆ ನನ್ನ ಇಡೀ ಉದ್ಯೋಗ ಈ ಒಂದು ವಿಷಯದ ಸುತ್ತಲೇ ತಿರುಗಿತು. ಹಳಿ ಹಾಕುವುದು ದುಬಾರಿ, ರಸ್ತೆ ಅಗ್ಗ. ನಮ್ಮಲ್ಲಿಗೆ ಬಂದ ಪ್ರತಿ ಫೈಲಿನ ಕೊನೆಯ ಪುಟದಲ್ಲಿ ಇದೇ ಫಲಿತಾಂಶ. ಯಾಕೆ ದುಬಾರಿ? ಹಳಿ ಎಂದರೆ ಮಣ್ಣು, ಜಲ್ಲಿ, ಸ್ಲೀಪರು, ಕಬ್ಬಿಣ ಮಾತ್ರವಲ್ಲ. ಮೇಲೆ ತಂತಿ, ಪಕ್ಕದಲ್ಲಿ ಸಿಗ್ನಲ್ಲು, ನಡುವೆ ಸ್ಟೇಷನ್ನು, ಸ್ಟೇಷನ್ನಿನಲ್ಲಿ ಬೆಂಚು, ನಲ್ಲಿ, ಗಡಿಯಾರ, ಗಡಿಯಾರ ನೋಡಿ ಹಸಿರು ಬಾವುಟ ತೋರಿಸುವವನ ಸಂಬಳ, ಅದೆಲ್ಲ ಆದಮೇಲೆ ಓಡುವ ಗಾಡಿ. ಎಲ್ಲವೂ ಒಂದೇ ಎಸ್ಟಿಮೇಟಿನಲ್ಲಿ ಬರಬೇಕು. ರಸ್ತೆಗೆ ಅದೊಂದೂ ಇಲ್ಲ. ಡಾಂಬರು ಹಾಕಿ ಬಿಳಿ ಗೆರೆ ಎಳೆದರೆ ಮುಗಿಯಿತು. ಲಾರಿ ನೀನು ಕೊಳ್ಳು, ಡೀಸೆಲ್ ನೀನು ತುಂಬು, ಟೈರು ಒಡೆದರೆ ನೀನು ಅಳು. ಒಬ್ಬ ಪೂರ್ತಿ ಊಟ ಹಾಕಿಸುತ್ತಾನೆ. ಇನ್ನೊಬ್ಬ ಎಲೆ ಹಾಸಿ, ಅನ್ನ ಸಾರು ಮನೆಯಿಂದ ತನ್ನಿ ಎನ್ನುತ್ತಾನೆ. ಆಮೇಲೆ ಯಾರ ಮನೆಯ ಮದುವೆ ಅಗ್ಗವಾಯಿತು ಎಂದು ಹೋಲಿಸುತ್ತಾರೆ.

ಇದನ್ನು ನಾನು ನಮ್ಮ ಸಾಹೇಬರಿಗೆ ಹೇಳಿದ್ದೆ. ಪುಣೆಯ ಕಡೆಯವರು, ಸಜ್ಜನರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುರುಪಿನಿಂದ ಹೇಳಿದೆ, ಆಮೇಲೆ ಬೇಸರದಿಂದ ಹೇಳಿದೆ, ಕೊನೆಕೊನೆಗೆ ಹೇಳದಿದ್ದರೆ ಅವರಿಗೇ ಏನೋ ತಪ್ಪಿದಂತಾಗಬಹುದೆಂದು ಹೇಳುತ್ತಿದ್ದೆ. ಅವರು ಪ್ರತಿಸಲವೂ ಕನ್ನಡಕ ತೆಗೆದು ಒರೆಸಿ, ನೀವು ಹೇಳುವುದು ಸರಿ, ಆದರೆ ಅದಕ್ಕೆ ಕಾಲಂ ಇಲ್ಲವಲ್ಲ ಎನ್ನುತ್ತಿದ್ದರು. ನಿಜವಾಗಿಯೂ ಇರಲಿಲ್ಲ. ನಾನು ಹೋಗಿ ಕಾಲಂ ಇದ್ದದ್ದನ್ನು ತುಂಬುತ್ತಿದ್ದೆ.

ಅಂಥದೊಂದು ಫೈಲು ಕಳಂಬೋಲಿಯದು. ಅಲ್ಲಿಯ ಕಬ್ಬಿಣದ ಮಾರುಕಟ್ಟೆಗೆ ಹೋಗುವ ಲಾರಿಗಳು ರಸ್ತೆಗಳು ಕೂಡುವ ಒಂದು ನಾಕಾದಲ್ಲಿ ಸಿಕ್ಕಿಕೊಂಡು ತಾಸುಗಟ್ಟಲೆ ನಿಲ್ಲುತ್ತಿದ್ದವು. ಇದಕ್ಕೆ ಎರಡು ದಾರಿ. ಒಂದು, ಇರುವ ರೈಲು ಮಾರ್ಗದಿಂದ ಮಾರುಕಟ್ಟೆಯ ಕಡೆಗೆ ಒಂದು ಕವಲು ಎಳೆದು, ನಾಕಾದ ಹತ್ತಿರ ಜನ ಹತ್ತಿ ಇಳಿಯಲು ಒಂದು ಸಣ್ಣ ಸ್ಟೇಷನ್ ಮಾಡುವುದು. ಇನ್ನೊಂದು, ರಸ್ತೆ ಅಗಲ ಮಾಡಿ ನಾಕಾದ ಮೇಲೊಂದು ಫ್ಲೈಓವರ್ ಹಾರಿಸುವುದು. ಎರಡರ ಖರ್ಚನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕು. ಅಳತೆಯವರ ಜೊತೆ ನಾನೂ ಜಾಗ ನೋಡಲು ಹೋದೆ. ಬಿಸಿಲಿಗೆ ಕಣ್ಣು ಕತ್ತಲೆ ಬಂದು ಎಲ್ಲಾದರೂ ಕೂರೋಣವೆಂದು ನೋಡಿದಾಗ ಕಂಡದ್ದು ನಾಕಾದ ಮೂಲೆಯಲ್ಲಿದ್ದ ಶೀನಣ್ಣನ ಹೋಟೆಲು.

ಶೀನಣ್ಣ ಉಡುಪಿಯ ಕಡೆಯವನು. ಮುಂಬಯಿಯಲ್ಲಿ ಯಾರದೋ ಹೋಟೆಲಿನಲ್ಲಿ ಮೇಜು ಒರೆಸಿ, ಆಮೇಲೆ ಗಲ್ಲಾ ನೋಡಿಕೊಂಡು, ಕೊನೆಗೆ ಇಲ್ಲಿ ಸ್ವಂತದ್ದೊಂದು ಹಾಕಿದವನು. ಒಳಗೆ ಅಡುಗೆಮನೆ ಅವನ ಹೆಂಡತಿ ಗಿರಿಜಕ್ಕನದು. ಭಟ್ಟರು ಬರುತ್ತಿದ್ದರು, ಮುಂಗಡ ತೆಗೆದುಕೊಂಡು ಊರಿಗೆ ಹೋಗುತ್ತಿದ್ದರು, ಮರಳುತ್ತಿರಲಿಲ್ಲ. ಹಾಗಾಗಿ ರುಬ್ಬುವುದು, ಬೇಯಿಸುವುದು, ತಿಕ್ಕುವುದು ಎಲ್ಲ ಅವಳ ಪಾಲಿಗೇ ಬಂದಿತ್ತು. ನನ್ನ ಬಾಯಲ್ಲಿ ಕನ್ನಡ ಕೇಳಿ ಶೀನಣ್ಣ ಗಲ್ಲಾ ಬಿಟ್ಟೆದ್ದು ಬಂದ. ಅವನ ಕನ್ನಡಕ್ಕೆ ನಾನು ನಕ್ಕೆ, ನನ್ನ ಕನ್ನಡಕ್ಕೆ ಅವನು ನಕ್ಕ, ಪರಿಚಯವಾಯಿತು. ನಾನು ಸಾಂಬಾರಿನಲ್ಲಿ ಬೆಲ್ಲ ಜಾಸ್ತಿ ಎಂದೆ. ಅವನು ನಿಮಗೆ ಖಾರದ ಪುಡಿ ಬೇರೆ ತಟ್ಟೆಯಲ್ಲಿ ಕೊಡುತ್ತೇನೆ, ಮೇಲೆ ಸುರಿದುಕೊಳ್ಳಿ ಎಂದ. ಆಮೇಲೆ ಆ ಕಡೆಗೆ ಹೋದಾಗೆಲ್ಲ ಅಲ್ಲಿಗೇ ಹೋಗುವುದು ರೂಢಿಯಾಯಿತು. ಎರಡು ಮೂರು ಭಾನುವಾರ ಸುಮಿತ್ರಾಳನ್ನೂ ಕರೆದುಕೊಂಡು ಹೋಗಿದ್ದೆ.

ನಾನು ಏನು ಅಳೆಯುತ್ತಿದ್ದೇನೆಂದು ತಿಳಿದ ದಿನದಿಂದ ಶೀನಣ್ಣನಿಗೆ ನಿದ್ರೆ ಹೋಯಿತು. ಹೋಟೆಲಿನ ಲೀಸು ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕೋ, ಬಿಟ್ಟು ಬೇರೆ ದಾರಿ ನೋಡಬೇಕೋ ಎಂದು ಅವನು ತೂಗುತ್ತಿದ್ದ ಹೊತ್ತು ಅದು. ಸ್ಟೇಷನ್ ಬಂದರೆ ಅವನ ಅದೃಷ್ಟ ಖುಲಾಯಿಸಿದಂತೆ. ಫ್ಲೈಓವರ್ ಬಂದರೆ ಲಾರಿಗಳೆಲ್ಲ ಅವನ ತಲೆಯ ಮೇಲೆಯೇ ಹಾರಿ ಹೋಗುತ್ತವೆ. ನಾನು ಕೂತ ಕೂಡಲೇ ಎದುರಿನ ಕುರ್ಚಿಗೆ ಬಂದು ಕೂರುತ್ತಿದ್ದ.

"ಒಂದೇ ಮಾತು ಹೇಳಿ ಮಾರಾಯ್ರೆ. ಸ್ಟೇಷನ್ ಉಂಟಾ, ಇಲ್ವಾ?"

ನನಗೆ ಹೇಳುವ ಅಧಿಕಾರವಿರಲಿಲ್ಲ, ಹೇಳಲು ಗೊತ್ತೂ ಇರಲಿಲ್ಲ. ಇನ್ನೂ ಏನೂ ಆಗಿಲ್ಲ ಎನ್ನುತ್ತಿದ್ದೆ. ಅವನು ನಂಬುತ್ತಿರಲಿಲ್ಲ. ನನ್ನ ಮುಖ ನೋಡಿ, ನನ್ನ ನಡೆ ನೋಡಿ, ನಾನು ತಿನ್ನುವುದನ್ನು ನೋಡಿ ತಾನೇ ಅರ್ಥ ಕಟ್ಟುತ್ತಿದ್ದ. ನಾನು ಇನ್ನೊಂದು ದೋಸೆ ಹೇಳಿದರೆ ರೈಲು ಹತ್ತಿರ ಬಂತು. ಹೊಟ್ಟೆ ಸರಿಯಿಲ್ಲವೆಂದು ಬರೀ ಮಜ್ಜಿಗೆ ಕುಡಿದರೆ ದೂರ ಹೋಯಿತು. ಒಮ್ಮೆ ಜ್ವರ ಬಂದು ಎದ್ದು ಅಲ್ಲಿಗೆ ಹೋಗಿದ್ದೆ. ನನ್ನ ಇಳಿದ ಮುಖ ನೋಡಿ ಅವನು ಆ ವಾರ ಲೀಸು ಬಿಡುವ ತೀರ್ಮಾನಕ್ಕೇ ಬಂದಿದ್ದನಂತೆ.

ಅಷ್ಟರಲ್ಲಿ ಅಳತೆಯವರು ಹೋಟೆಲಿನ ಹಿಂದೆ ಒಂದು ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದು ಹೋದರು. ಹಿಂದೆ ಇದ್ದದ್ದು ಉಪ್ಪುನೀರು ಜಿನುಗುವ ಹುಲ್ಲುಗಾವಲು, ಅದರಲ್ಲಿ ನಾಲ್ಕಾರು ಎಮ್ಮೆ. ಶೀನಣ್ಣ ಆ ಕಲ್ಲಿನ ಹತ್ತಿರ ನಿಂತು ಆಚೆ ಈಚೆ ನೋಡಿ, ಪ್ಲಾಟ್‌ಫಾರ್ಮು ಇಲ್ಲಿಯೇ ಎಂದು ನಿರ್ಧರಿಸಿಬಿಟ್ಟ. ಜನ ಇಳಿದು ಬರುವುದು ಹಿಂದಿನಿಂದ. ಬಾಗಿಲು ಇರುವುದು ಮುಂದೆ. ಹೋಟೆಲು ನಡೆಸಿದವನಿಗೆ ಇದಕ್ಕಿಂತ ದೊಡ್ಡ ದೋಷ ಯಾವುದಿದೆ? ಲೀಸು ಮುಂದುವರಿಸಿದ. ಗಾರೆಯವರನ್ನು ಕರೆಸಿ, ಅಡುಗೆಮನೆಯ ಪಕ್ಕದ ಓಣಿಯ ಹಿಂಗೋಡೆ ಒಡೆಸಿ, ಅಗಲವಾದ ಬಾಗಿಲು ಇಡಿಸಿದ. ಎರಡೂ ಬಾಗಿಲಿನಿಂದ ಕಾಣಲೆಂದು ಗಲ್ಲಾವನ್ನು ನಡುಮಧ್ಯಕ್ಕೆ ತಂದ. ಮುಂದಿನ ವಾರ ನಾನು ಹೋದಾಗ ಹಿಂಬಾಗಿಲ ಮೇಲೆ ಮರಾಠಿಯಲ್ಲಿ ಸುಸ್ವಾಗತ ಎಂಬ ಹಲಗೆ ಎಮ್ಮೆಗಳನ್ನು ನೋಡುತ್ತಿತ್ತು. ಒಳಗೆ ಗಾಳಿ ಎಷ್ಟು ಜೋರಾಗಿ ಹಾಯುತ್ತಿತ್ತೆಂದರೆ ಬಿಲ್ಲುಗಳು ಹಾರಿಹೋಗದಂತೆ ಅವುಗಳ ಮೇಲೆ ವಡೆಯ ತಟ್ಟೆ ಇಟ್ಟಿದ್ದ. ನಾನು ನಕ್ಕೆ. ಈಗ ನೆನೆದರೆ ನಗು ಬರುವುದಿಲ್ಲ.

ಗಿರಿಜಕ್ಕ ಶುಕ್ರವಾರಗಳಂದು ಆ ಕಲ್ಲಿಗೆ ಕುಂಕುಮ ಹಚ್ಚಿ ಒಂದು ದಾಸವಾಳ ಇಡುತ್ತಾಳೆಂದು ಸುಮಿತ್ರಾ ಹೇಳಿದಳು. ಗಂಡನಷ್ಟೇ ಆಸೆ ಹೆಂಡತಿಗೂ ಎಂದುಕೊಂಡೆ. ಅವಳು ಹೆಚ್ಚು ಮಾತಿನವಳಲ್ಲ. ಅಡುಗೆಮನೆಯ ಸಣ್ಣ ಕಿಂಡಿಯಿಂದ ತಟ್ಟೆ ಹೊರಗೆ ಬರುವಾಗ ಅವಳ ಕೈ ಮಾತ್ರ ಕಾಣುತ್ತಿತ್ತು. ಸದಾ ನೀರಿನಲ್ಲಿದ್ದು ಬೆರಳ ಸಂದುಗಳು ಬಿಳಿಚಿಕೊಂಡಿದ್ದವು. ಸುಮಿತ್ರಾ ಯಾವುದೋ ಮುಲಾಮು ಕೊಟ್ಟು ಬಂದಿದ್ದಳು. ಹಚ್ಚಲು ಕೈ ಒಣಗಬೇಕಲ್ಲ ಎಂದು ಗಿರಿಜಕ್ಕ ನಕ್ಕಳಂತೆ.

ನನಗೆ ಗೊತ್ತಿದ್ದು ಶೀನಣ್ಣನಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದಿತ್ತು. ಆ ಕೆಂಪು ಕಲ್ಲು ಪ್ಲಾಟ್‌ಫಾರ್ಮಿನದಾಗಿರಲಿಲ್ಲ. ರೈಲಿಗೆ ಬೇಕಾಗುವ ಜಾಗವನ್ನು ಗುರುತಿಸಲು ನೆಟ್ಟದ್ದು. ನಕಾಶೆಯ ಗೆರೆ ಆ ಕಲ್ಲಿನಿಂದ ಓರೆಯಾಗಿ ಹಾದು, ಹೊಸ ಬಾಗಿಲನ್ನೂ ಅಡುಗೆಮನೆಯನ್ನೂ ಕತ್ತರಿಸಿಕೊಂಡು ಹೋಗುತ್ತಿತ್ತು. ರೈಲಿನ ಎಸ್ಟಿಮೇಟಿನಲ್ಲಿ ಶೀನಣ್ಣನ ಹೋಟೆಲು ಒಂದು ಸಾಲಾಗಿ ಬಂದಿತ್ತು: ಕಟ್ಟಡ, ವ್ಯಾಪಾರ, ಪರಿಹಾರ. ಫ್ಲೈಓವರಿನ ಎಸ್ಟಿಮೇಟಿನಲ್ಲಿ ಅದು ಎಲ್ಲಿಯೂ ಇರಲಿಲ್ಲ. ಕಂಬಗಳು ರಸ್ತೆಯ ನಡುವೆ ನಿಲ್ಲುತ್ತವೆ, ಅವನ ಒಂದು ಇಟ್ಟಿಗೆಯನ್ನೂ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಕೊಡುವುದೇನು? ಹೀಗೆ ಆ ನಾಕಾದ ಚಹಾದ ಅಂಗಡಿ, ಪಂಕ್ಚರಿನ ಅಂಗಡಿ, ಹಣ್ಣಿನ ಗಾಡಿ ಎಲ್ಲ ಒಂದು ಕಡೆ ಖರ್ಚಾಗಿ ಕೂತವು, ಇನ್ನೊಂದು ಕಡೆ ಮಾಯವಾದವು. ನಾನು ಎರಡು ಸಲ ಕೂಡಿಸಿದೆ. ರಸ್ತೆಯೇ ಅಗ್ಗ ಎಂದು ಬಂತು. ಸಾಹೇಬರ ಮುಂದೆ ಆ ಫೈಲಿಟ್ಟು ಹಳೆಯ ಮಾತನ್ನೇ ಹೇಳಿದೆ. ಅವರು ಕನ್ನಡಕ ಒರೆಸಿ ಸಹಿ ಮಾಡಿದರು.

ಆಮೇಲೆ ವರ್ಷಗಳು ಹೋದವು. ಫೈಲು ಎಲ್ಲೆಲ್ಲಿಗೋ ಹೋಯಿತು, ಬಂತು, ಮತ್ತೆ ಹೋಯಿತು. ನಾಕಾದಲ್ಲಿ ಕಂಬಗಳೆದ್ದವು, ಮಳೆಗಾಲಗಳಲ್ಲಿ ಕೆಲಸ ನಿಂತಿತು, ಅಗೆದ ಗುಂಡಿಗಳಲ್ಲಿ ನೀರು ನಿಂತು ಸೊಳ್ಳೆಗಳು ಸುಖವಾಗಿದ್ದವು. ಕೊನೆಗೊಂದು ದಿನ ಫ್ಲೈಓವರ್ ತೆರೆಯಿತು. ನನಗೂ ಆ ಕಡೆಯ ಕೆಲಸ ಕಡಿಮೆಯಾಗಿತ್ತು. ಇದ್ದಾಗಲೂ ಟ್ಯಾಕ್ಸಿಯಲ್ಲಿ ಮೇಲಿನಿಂದಲೇ ಹೋಗಿಬಿಡುತ್ತಿದ್ದೆ. ಎಲ್ಲರೂ ಹೋಗುವ ಹಾಗೆ ನಾನೂ ಹೋಗುತ್ತಿದ್ದೆ ಎಂದರೆ ಸಾಕು.

ನಿವೃತ್ತಿಗೆ ಮುಂಚೆ ಒಂದು ಮಧ್ಯಾಹ್ನ ಕೆಳಗಿನ ದಾರಿಯಲ್ಲೇ ಹೋಗುವಂತೆ ರಿಕ್ಷಾದವನಿಗೆ ಹೇಳಿದೆ. ಹೋಟೆಲು ಇತ್ತು. ಮುಂದೆ ಫ್ಲೈಓವರಿನ ನೆರಳು ಬಿದ್ದು ಹಗಲಿನಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೇಜುಗಳು ಖಾಲಿ. ಶೀನಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮೊದಲಿನ ಹಾಗೆಯೇ ಎದ್ದು ಬಂದು ಎದುರಿಗೆ ಕೂತ. ಬೈಯುತ್ತಾನೆಂದುಕೊಂಡಿದ್ದೆ, ಬೈಯಲಿಲ್ಲ. ಮಗಳ ಕ್ಷೇಮ ಕೇಳಿದ, ಸುಮಿತ್ರಾ ಹೇಗಿದ್ದಾಳೆಂದು ಕೇಳಿದ. ಮೇಲೆ ಲಾರಿ ಹೋದಾಗೆಲ್ಲ ಗ್ಲಾಸುಗಳು ಸಣ್ಣಗೆ ನಡುಗುತ್ತಿದ್ದವು. ಅವನಿಗೆ ಅದು ಕೇಳಿಸುವುದು ನಿಂತುಹೋಗಿತ್ತು.

"ರೈಲು ಬಂದಿದ್ರೆ ಹೀಗಾಗ್ತಿರ್ಲಿಲ್ಲ," ಎಂದ. "ನಮ್ಮ ನಸೀಬು."

ಅವನು ಅದನ್ನು ಅಷ್ಟು ಮೆಲ್ಲಗೆ ಹೇಳಿದ್ದಕ್ಕೆ ನನಗೆ ತಡೆಯಲಾಗಲಿಲ್ಲ. ಇನ್ನು ಮುಚ್ಚಿಡುವಂಥದ್ದೂ ಏನಿರಲಿಲ್ಲ, ಫೈಲು ಎಂದೋ ಮುಗಿದಿತ್ತು. ಸಮಾಧಾನವಾದೀತೆಂದು ನಿಜ ಹೇಳಿದೆ. ರೈಲು ಬಂದಿದ್ದರೆ ಅವನ ಹೋಟೆಲೇ ಉಳಿಯುತ್ತಿರಲಿಲ್ಲ, ಆ ಕಲ್ಲು ಅದಕ್ಕೇ ನೆಟ್ಟದ್ದು, ಗೆರೆ ಅಡುಗೆಮನೆಯ ಮೇಲೆಯೇ ಇತ್ತು, ಪರಿಹಾರ ಕೊಟ್ಟು ಎಬ್ಬಿಸುತ್ತಿದ್ದರು ಎಂದು ವಿವರಿಸಿದೆ. ಅವನು ಹೊರಗಿನ ಕಂಬಗಳ ಕಡೆ ಬೆರಳು ಮಾಡಿದ.

"ಮತ್ತೆ ಈ ಫ್ಲೈಓವರಿನ ಕಾಗದದಲ್ಲಿ ನಾವು ಎಲ್ಲಿದ್ದೇವೆ?"

"ಎಲ್ಲೂ ಇಲ್ರೀ ಶೀನಣ್ಣ. ನಿಮ್ಮದೇನೂ ತಗೊಂಡಿಲ್ಲಲ್ಲ. ಅದಕ್ಕ ಅದು ಅಗ್ಗ ಆತು."

ಅವನು ಮೇಜಿನ ಮೇಲಿನ ನೀರನ್ನು ಬೆರಳಿನಿಂದ ಎಳೆಯುತ್ತ ಕೂತ. ಆಗ ಅಡುಗೆಮನೆಯ ಪರದೆ ಸರಿಸಿ ಗಿರಿಜಕ್ಕ ಹೊರಗೆ ಬಂದಳು. ಗಂಡ ಹೆಂಡತಿ ಮಾತಾಡುವುದು, ಜಗಳವಾಡುವುದು ಎಲ್ಲ ತುಳುವಿನಲ್ಲಿ. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯದಂತೆ ನಟಿಸುತ್ತಿದ್ದೆ. ಅವತ್ತು ಅವಳು ಕನ್ನಡದಲ್ಲಿ ಮಾತಾಡಿದಳು. ನನಗೂ ಕೇಳಲಿ ಎಂದೇ ಇರಬೇಕು.

"ಅಡುಗೆಮನೆ ಹೋಗ್ತದೆ ಅಂತ ನಂಗೆ ಆಗಲೇ ಗೊತ್ತಿತ್ತು," ಎಂದಳು. "ಅಳತೆಯವರು ಚಾ ಕುಡಿಲಿಕ್ಕೆ ಬಂದಾಗ ನಾನೇ ಕೇಳಿದ್ದು. ಹೋಗ್ಲಿ ಅಂತಲೇ ಹೂ ಇಡ್ತಿದ್ದದ್ದು."

ಶೀನಣ್ಣ ತಲೆಯೆತ್ತಿ ನೋಡಿದ. ತನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ನೀವು ಬಾಗಿಲು ಮಾಡಿಸ್ತಾ ಇದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಸಾಕಾಗಿತ್ತು. ನಾನು ಸಾಕು ಅಂದ್ರೆ ನೀವು ಕೇಳುವವರಲ್ಲ. ರೈಲಿನವರು ತೆಗೆದ್ರೆ ಯಾರೂ ಬೇಡ ಅನ್ನುವ ಹಾಗಿಲ್ಲ ಅಲ್ವಾ?"

ಇಷ್ಟು ವರ್ಷ ಆ ಹೋಟೆಲಿನ ವ್ಯಾಪಾರ ಹೋಯಿತಲ್ಲ, ಅದು ಲೆಕ್ಕದಲ್ಲೇ ಬರದೆ ಹೋಯಿತಲ್ಲ ಎಂದು ಮರುಗಿದವನು ನಾನು. ಹೋಟೆಲೇ ಹೋಗಲಿ ಎಂದು ಅದರ ಒಳಗೇ ನಿಂತು ಕಾಯುತ್ತಿದ್ದವಳೊಬ್ಬಳಿದ್ದಳೆಂದು ನನಗೆ ಹೊಳೆದೇ ಇರಲಿಲ್ಲ. ರಸ್ತೆ ಗಂಡನ ಗಿರಾಕಿಗಳನ್ನು ಕಳೆಯಿತು. ಅವಳಿಗೆ ಸಿಗಬೇಕಾಗಿದ್ದ ಬಿಡುಗಡೆಯನ್ನೂ ಕಳೆಯಿತು. ಗಿರಾಕಿ ಇಲ್ಲದಿದ್ದರೂ ಹಿಟ್ಟು ದಿನಾ ರುಬ್ಬಲೇಬೇಕಿತ್ತು.

ಗಿರಿಜಕ್ಕ ಸೆರಗಿನಿಂದ ಕೈ ಒರೆಸಿಕೊಂಡು ನಮ್ಮ ಪಕ್ಕದ ಮೇಜಿನ ಕುರ್ಚಿ ಎಳೆದು ಕೂತಳು, ಗಿರಾಕಿಗಳು ಕೂರುವ ಕಡೆ. ಅಷ್ಟರಲ್ಲಿ ದಾರಿ ತಪ್ಪಿ ಕೆಳಗಿನ ರಸ್ತೆಗೆ ಬಂದ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ಒಳಗೆ ಬಂದು ಒಂದು ಚಾಯ್ ಎಂದ. ಶೀನಣ್ಣ ರೂಢಿಯಂತೆ ಕಿಂಡಿಯ ಕಡೆ ತಿರುಗಿ ಒಂದು ಚಾ ಎಂದು ಕೂಗಿದ. ಒಳಗಿನಿಂದ ಸದ್ದಿಲ್ಲ. ಅವನು ಪಕ್ಕಕ್ಕೆ ನೋಡಿದ. ಅವಳು ಕದಲಲಿಲ್ಲ. ಕೊನೆಗೆ ಅವನೇ ಎದ್ದು ಒಳಗೆ ಹೋದ. ಪಾತ್ರೆ ಬಿದ್ದ ಸದ್ದಾಯಿತು, ಸ್ಟೋವು ಹೊತ್ತಿತು, ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದು ಮುಚ್ಚಿದವು. ಸ್ವಲ್ಪ ಹೊತ್ತಿನ ಮೇಲೆ ಕಿಂಡಿಯಲ್ಲಿ ಅವನ ಬೆವೆತ ಮುಖ ಕಾಣಿಸಿತು.

"ಗಿರಿಜಾ, ಸಕ್ಕರೆ ಎಲ್ಲುಂಟು?"

ಅವಳು ಹೊರಗೆ ರಸ್ತೆಯನ್ನು ನೋಡುತ್ತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು.

"ನಂಗೊತ್ತಿಲ್ಲ," ಎಂದಳು.

ಡ್ರೈವರ್ ಸಕ್ಕರೆಯಿಲ್ಲದ ಚಹಾ ಕುಡಿದು, ದುಡ್ಡಿಟ್ಟು ಹೋದ.